ಇಪ್ಪತ್ತಾರು ಇಂಚು

ಆ ಓಣಿಯಲ್ಲಿ ಅವಳನ್ನು ಎಲ್ಲರೂ ಟೈಲರ್ ಅಕ್ಕ ಎನ್ನುತ್ತಿದ್ದರು. ಒಡಹುಟ್ಟಿದ ತಂಗಿ ಮಾತ್ರ ಅವಳಿಗೆ ‘ಹಳೇ ಕ್ಯಾಲೆಂಡರ್’ ಎಂದು ಹೆಸರಿಟ್ಟಿದ್ದಳು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಐವತ್ತೆರಡು ವರ್ಷದ ಅಕ್ಕ ಮೊಣಕಾಲಿಗಿಂತ ಒಂದು ಗೇಣು ಕೆಳಗೆ ಇಳಿಯುವ ಫ್ರಾಕು ತೊಡುತ್ತಿದ್ದಳು. ಸೊಂಟದಲ್ಲಿ ಬಿಗಿ, ಅದರ ಕೆಳಗೆ ಎಣಿಸಿ ಹಿಡಿದ ನೆರಿಗೆ, ಕತ್ತಿಗೆ ಬಿಳಿಯ ದುಂಡು ಕಾಲರು. ಕಾಲರನ್ನು ಫ್ರಾಕಿಗೆ ಹೊಲಿದಿರಲಿಲ್ಲ. ಪ್ರತಿ ಸಂಜೆ ಅದನ್ನು ಬಿಚ್ಚಿ, ತೊಳೆದು, ಗಂಜಿ ಹಾಕಿ, ಬೆಳಿಗ್ಗೆ ಇಸ್ತ್ರಿ ಮಾಡಿ ಮತ್ತೆ ಕೂಡಿಸಿಕೊಳ್ಳುತ್ತಿದ್ದಳು. ಕೂದಲನ್ನು ಹಿಂದಕ್ಕೆ ಸುರುಳಿ ಸುತ್ತಿ ಹನ್ನೊಂದು ಪಿನ್ನು ಸಿಕ್ಕಿಸುತ್ತಿದ್ದಳು. ಹತ್ತೂ ಅಲ್ಲ, ಹನ್ನೆರಡೂ ಅಲ್ಲ.

“ಕಾಲ ಮುಂದೆ ಹೋಗಿ ಅರ್ಧ ಶತಮಾನ ಆಯ್ತು. ಪಾಪ, ನಮ್ಮಕ್ಕಂಗೆ ಯಾರೂ ಸುದ್ದಿ ಮುಟ್ಟಿಸಿಲ್ಲ” ಎಂದು ತಂಗಿ ಗಿರಾಕಿಗಳ ಎದುರಿಗೇ ನಗಾಡುತ್ತಿದ್ದಳು. ಅಕ್ಕನೂ ನಗುತ್ತಿದ್ದಳು, ಆದರೆ ತಲೆ ಎತ್ತುತ್ತಿರಲಿಲ್ಲ.

ಅಂಗಡಿ ಎಂದರೆ ಎರಡು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆ. ಮೇಲೆ ಹತ್ತಿಳಿಯುವವರ ಚಪ್ಪಲಿ ಸದ್ದು ದಿನವಿಡೀ ತಲೆಯ ಮೇಲೆ. ಬಾಗಿಲ ಬಳಿ ತಂಗಿಯ ಯಂತ್ರ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು ಅವಳ ಕೆಲಸ. ಒಳಮೂಲೆಯಲ್ಲಿ ಅಕ್ಕನ ಯಂತ್ರ, ಅದರ ಪಕ್ಕ ಒಂದು ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಗೋಡೆಯ ಮೊಳೆಗಳಿಗೆ ಕಂದು ಕಾಗದದ ನಮೂನೆಗಳನ್ನು ತೂಗುಹಾಕಿದ್ದಳು. ಒಬ್ಬೊಬ್ಬ ಗಿರಾಕಿಯ ಮೈ ಅಳತೆಗೆ ಕತ್ತರಿಸಿಟ್ಟ ಕಾಗದ ಅದು. ಒಂದು ಕಾಲಕ್ಕೆ ನಲವತ್ತಿದ್ದವು. ಈಗ ಏಳು.

ಅಕ್ಕ ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ದಡ್ಡಿಯೇನಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಉಳಿದ ಮಕ್ಕಳು ನಗುತ್ತಿದ್ದರು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಸೋದರತ್ತೆ ಇದೇ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಅವಳೇ ಕರೆದು ಗುಂಡಿಯ ಕಾಜಾ ಹೊಲಿಯಲು ಕೂರಿಸಿದಳು. ಅತ್ತೆಯ ಟ್ರಂಕಿನಲ್ಲಿ ಹಳೆಯದೊಂದು ಹೊಲಿಗೆ ಪುಸ್ತಕವಿತ್ತು. ಅದರ ಚಿತ್ರಗಳಲ್ಲಿ ಹೆಂಗಸರು ತೆಳು ಸೊಂಟದ ಫ್ರಾಕು ತೊಟ್ಟು, ಕೈಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಯಾರ ಹಂಗೂ ಇಲ್ಲದವರ ಹಾಗೆ ನಿಂತಿದ್ದರು. ಅವರ ಮುಖದಲ್ಲಿ ಅಂಜಿಕೆಯ ಲವಲೇಶವೂ ಇರಲಿಲ್ಲ. ಆ ಬಟ್ಟೆ ತೊಟ್ಟರೆ ಆ ಧೈರ್ಯ ಬರಬಹುದು ಎಂದು ಹುಡುಗಿಗೆ ಅನ್ನಿಸಿತು. ಧೈರ್ಯ ಬರಲಿಲ್ಲ. ಬಟ್ಟೆ ಮಾತ್ರ ಮೈಗೂ ಮನಸ್ಸಿಗೂ ಒಗ್ಗಿಹೋಯಿತು.

ಅತ್ತೆ ಕಲಿಸಿದ ವಿದ್ಯೆ ಎರಡು. ಒಂದು ಹೊಲಿಗೆ, ಇನ್ನೊಂದು ಮೌನ. “ಅಳತೆ ಕಣ್ಣಿಗೆ ಕಣೇ, ಬಾಯಿಗಲ್ಲ. ದಪ್ಪ ಆಗಿದೀರ ಅಂತ ಹೇಳಿದ್ರೆ ಆ ಹೆಂಗಸು ಮತ್ತೆ ಈ ಮೆಟ್ಟಿಲು ತುಳೀತಾಳಾ? ಒಳಗೆ ಬಟ್ಟೆ ಬಿಟ್ಟಿರು. ಮೈ ಬೆಳೆದಷ್ಟೂ ಬಿಚ್ಚಿಕೊಡು. ಟೇಪು ಓದುವಾಗ ಹಳೇ ಲೆಕ್ಕಾನೇ ಓದು” ಎನ್ನುತ್ತಿದ್ದಳು. ಆ ಅಂಗಡಿಗೆ ಬಂದ ಯಾವ ಹೆಂಗಸಿಗೂ ವಯಸ್ಸಾಗಲಿಲ್ಲ. ಫ್ರಾಕುಗಳು ಮಾತ್ರ ಸದ್ದಿಲ್ಲದೆ ಅಗಲವಾದವು.

ಅಕ್ಕ ಸ್ವಂತವಾಗಿ ಕತ್ತರಿ ಹಿಡಿದ ಮೇಲೆ ಬಂದ ಮೊದಲ ಗಿರಾಕಿ ಲೈಬ್ರರಿ ಮೇಡಂ. ಆಗ ಮೇಡಂಗೆ ಇಪ್ಪತ್ತೇಳು, ಅಕ್ಕನಿಗೆ ಇಪ್ಪತ್ತೊಂದು. ಪುಸ್ತಕ ಕೊಡುವ ಕಿಟಕಿಯ ಹಿಂದೆ ದಿನವೆಲ್ಲ ಕೂರುವ ಮೇಡಂಗೂ ಹಳೆಯ ಕಾಲದ ಉಡುಪಿನ ಹುಚ್ಚು. ಇಬ್ಬರೂ ಸೇರಿದರೆ ತಂಗಿಗೆ ತಲೆನೋವು. ಪಫ್ ತೋಳಿಗೆ ಎಷ್ಟು ನೆರಿಗೆ ಹಿಡಿಯಬೇಕು, ಲೇಸು ಅರ್ಧ ಇಂಚೋ ಮುಕ್ಕಾಲೋ ಎಂದು ಒಂದೊಂದು ಗಂಟೆ ಚರ್ಚೆ. ಹೊರಗೆ ನಾಲ್ಕು ಮಾತಾಡಲು ಬೆವರುವ ಅಕ್ಕ ಮೇಡಂ ಜೊತೆ ಮಾತ್ರ ಹರಟೆಮಲ್ಲಿಯಾಗುತ್ತಿದ್ದಳು.

ಮೊದಲ ಅಳತೆಯ ದಿನ ಮೇಡಂ ಸೊಂಟ ಇಪ್ಪತ್ತಾರು ಇಂಚು ಇತ್ತು. ಮೂವತ್ತು ವರ್ಷ ಅಕ್ಕ ಇಪ್ಪತ್ತಾರು ಎಂದೇ ಓದಿದಳು. ಟೇಪು ಇಪ್ಪತ್ತೆಂಟು ತೋರಿಸಿದಾಗಲೂ ಓದಿದಳು, ಮೂವತ್ತೊಂದು ತೋರಿಸಿದಾಗಲೂ ಓದಿದಳು. ಮೇಡಂಗೆ ಐವತ್ತೈದು ತುಂಬಿದಾಗ ಅದು ಮೂವತ್ತಮೂರಕ್ಕೆ ನಿಂತಿತ್ತು.

“ನೋಡಿದ್ಯಾ? ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಪೀಪಾಯಿ ಆದ್ರು” ಎಂದು ಮೇಡಂ ಕನ್ನಡಿಯ ಮುಂದೆ ತಿರುಗುತ್ತಿದ್ದರು.

“ನಿಮ್ಮ ಮೈಕಟ್ಟು ಬೇರೆ ಬಿಡಿ ಮೇಡಂ” ಎನ್ನುತ್ತಿದ್ದಳು ಅಕ್ಕ. ಬಾಗಿಲ ಬಳಿ ತಂಗಿ ಕೆಮ್ಮುತ್ತಿದ್ದಳು.

ಮೇಡಂಗೆ ಮದುವೆಯಾಗಿರಲಿಲ್ಲ. ಒಬ್ಬರೇ ಒಂದು ಕೋಣೆಯ ಮನೆಯಲ್ಲಿದ್ದರು. ಒಟ್ಟು ಎಂಟು ಫ್ರಾಕು, ಎಂಟೂ ಅಕ್ಕನ ಕೈಯವು. ಅಂಗಡಿಯ ಸಿದ್ಧ ಉಡುಪು ಅವರ ಮೈ ಸೋಕಿರಲಿಲ್ಲ.

ಹೋದ ವರ್ಷದ ಜೂನ್‌ನಲ್ಲಿ ಮೇಡಂ ನೀಲಿ ಫ್ರಾಕು ಹಿಡಿದು ಬಂದರು. “ಸೊಂಟದ ಹತ್ರ ಯಾಕೋ ಬಟ್ಟೆ ಸಡಿಲ ಆಗಿದೆ ಕಣೇ. ಒಗೆದು ಒಗೆದು ಹಿಗ್ಗಿರಬೇಕು.”

ಅಕ್ಕ ಟೇಪು ಸುತ್ತಿದಳು. ಮೂವತ್ತೆರಡು. ಅಭ್ಯಾಸದ ಬಾಯಿ “ಇಪ್ಪತ್ತಾರು” ಎಂದಿತು. “ಹಳೇ ಹತ್ತಿ ಬಟ್ಟೆ ಹಾಗೇ ಮೇಡಂ, ಹಿಗ್ಗುತ್ತೆ” ಎಂದೂ ಸೇರಿಸಿತು. ಸಂಜೆಯೊಳಗೆ ಒಂದು ಇಂಚು ಒಳಗೆ ಹಿಡಿದು ಕೊಟ್ಟಳು. ಕಾಗದದ ನಮೂನೆಯಲ್ಲಿ ಒಂದು ಮಡಿಕೆ ಹಾಕಿ ಗುಂಡುಸೂಜಿ ಚುಚ್ಚಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಿಂಗಳು ಬರೆದಳು. ಆಮೇಲೆ ಬೂದು ಫ್ರಾಕು ಬಂತು, ಆಮೇಲೆ ಹೂವಿನದು. ಎಂಟನ್ನೂ ಹಿಡಿದು ಮುಗಿಸುವ ಹೊತ್ತಿಗೆ ನೀಲಿಯದು ಮತ್ತೆ ಸಡಿಲವಾಗಿರುತ್ತಿತ್ತು. ಅಕ್ಕನ ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ, ಕನ್ನಡಿಯಲ್ಲಿ ಮೇಡಂಗೆ ಪ್ರತಿ ಸಲವೂ ಮೈಗೆ ಹಿಡಿದು ಕೂತ ಫ್ರಾಕೇ ಕಾಣುತ್ತಿತ್ತು.

ಅಕ್ಕನಿಗೆ ಕಾಣಿಸಲಿಲ್ಲವೆಂದಲ್ಲ. ಕಾಲರಿನ ಮೇಲೆ ಎಲುಬು ಎದ್ದಿತ್ತು. ಅಂಗಡಿಯ ಮೂರು ಮೆಟ್ಟಿಲಿಗೇ ಮೇಡಂ ಸ್ಟೂಲು ಕೇಳುತ್ತಿದ್ದರು. ಕಂಡದ್ದನ್ನು ಆಡಲು ಹೊರಟರೆ ಮೂವತ್ತು ವರ್ಷದ ಇಪ್ಪತ್ತಾರು ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಏಪ್ರಿಲ್‌ನ ಒಂದು ಮಧ್ಯಾಹ್ನ ತಂಗಿ ಗೋಡೆ ಒರೆಸುತ್ತ ಆ ನಮೂನೆಯನ್ನು ಕೆಳಗಿಳಿಸಿದಳು.

“ಇದ್ಯಾರದ್ದು? ಶಾಲೆ ಹುಡುಗೀದಾ?”

“ಮೇಡಂದು.”

ತಂಗಿ ಮೇಜಿನ ಮೇಲೆ ಹರಡಿ ಸೂಜಿ ಎಣಿಸಿದಳು. ಅವಳ ಮುಖದ ನಗೆ ಇಳಿದುಹೋಯಿತು. “ಆರು ಸೂಜಿ. ಆರು ಇಂಚು ಅಕ್ಕಾ. ಇದು ಬಟ್ಟೆ ಹಿಗ್ಗಿದ್ದಲ್ಲ, ಮನುಷ್ಯರು ಕರಗಿದ್ದು. ಅವ್ರಿಗೆ ಹೇಳಿದೀಯಾ?”

“ಹೆಂಗೆ ಹೇಳೋದು?”

“ಬಾಯಲ್ಲಿ. ದೇವ್ರು ಕೊಟ್ಟಿದಾನಲ್ಲ, ಮೂಗಿನ ಕೆಳಗೆ.”

ಮರುದಿನ ಮೇಡಂ ಬಂದಾಗ ಅಕ್ಕ ಬಾಯಿ ತೆರೆದಳು, ಅರ್ಧ ಮಾತ್ರ. “ಮುಖ ಸ್ವಲ್ಪ ಬಾಡಿದ ಹಾಗಿದೆ ಮೇಡಂ. ಒಂದ್ಸಲ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ.” ಸೊಂಟದ ಮಾತು ಎತ್ತಲಿಲ್ಲ.

ಮೇಡಂಗೂ ಕೆಲವು ದಿನದಿಂದ ಊಟ ಸೇರುತ್ತಿರಲಿಲ್ಲ. ಹೋದರು. ನಾಲ್ಕು ದಿನ ಬಿಟ್ಟು ಗೆದ್ದವರ ಹಾಗೆ ಬಂದು ಸ್ಟೂಲಿನ ಮೇಲೆ ಕೂತರು.

“ನಿನ್ನ ಮಾತು ಕೇಳಿ ಹೋದೆ ನೋಡು. ತೂಕ ಇಳಿದಿದೆಯಾ ಅಂತ ಕೇಳಿದ್ರು ಡಾಕ್ಟರಮ್ಮ. ನಾನು ನಕ್ಕುಬಿಟ್ಟೆ. ಮೂವತ್ತು ವರ್ಷದಿಂದ ಇಪ್ಪತ್ತಾರು ಇಂಚು ರೀ, ಬೇಕಾದ್ರೆ ನಮ್ಮ ಟೈಲರನ್ನ ಕೇಳಿ, ಅವಳ ಟೇಪು ಸುಳ್ಳು ಹೇಳಲ್ಲ ಅಂದೆ. ಈ ಫ್ರಾಕು ನೋಡಿ ಅವರಿಗೂ ನಂಬಿಕೆ ಬಂತು. ಹಸಿವಾಗೋಕೆ ಒಂದು ಟಾನಿಕ್ಕು ಕೊಟ್ಟು ಕಳಿಸಿದ್ರು.”

ಬಾಗಿಲ ಬಳಿ ತಂಗಿಯ ಯಂತ್ರ ನಿಂತಿತು. ಅಕ್ಕ ಎದ್ದು ಮೊಳೆಯಿಂದ ನಮೂನೆಯನ್ನು ತೆಗೆದು ಮೇಡಂ ತೊಡೆಯ ಮೇಲಿಟ್ಟಳು.

“ಸುಳ್ಳು ಹೇಳಿದ್ದು ಟೇಪಲ್ಲ ಮೇಡಂ, ನಾನು. ಹೋದ ವರ್ಷ ನಿಮಗೆ ಮೂವತ್ತಮೂರು ಇತ್ತು. ಈಗ ಇಪ್ಪತ್ತೇಳು. ಒಂದೊಂದು ಸೂಜೀನೂ ಒಂದೊಂದು ಇಂಚು. ತಿಂಗಳು ಬರೆದಿದೀನಿ.”

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಬೆರಳಿಂದ ಒಂದೊಂದೇ ಸೂಜಿ ಮುಟ್ಟಿ ನೋಡಿದರು.

“ಮೂವತ್ತಮೂರಾ?”

“ಹೌದು.”

“ಯಾವಾಗಿಂದ?”

“ಇಪ್ಪತ್ತಾರು ಇದ್ದದ್ದು ಮೊದಲ ಎರಡು ವರ್ಷ ಮಾತ್ರ.”

“ನನ್ನ ಮೈ ಬಗ್ಗೆ ನಂಗೇ ಸುಳ್ಳು ಹೇಳ್ಕೊಂಡು ಬಂದ್ಯಾ? ಲೈಬ್ರರಿ ಹುಡುಗೀರ ಮುಂದೆಲ್ಲ ಸೊಂಟದ ಜಂಬ ಕೊಚ್ಚಿಕೊಂಡೆನಲ್ಲೇ. ಹಿಂದಿಂದ ಎಷ್ಟು ನಕ್ಕಿರಬೇಕು ಎಲ್ಲ.” ಮೇಡಂ ದನಿ ಏರಲಿಲ್ಲ. ಅದು ಏರಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೋ ಏನೋ.

“ನಿಮಗೆ ಖುಷಿ ಆಗಲಿ ಅಂತ...”

“ಖುಷಿ! ಆರು ಇಂಚು ಹೋಗೋವರೆಗೂ ನಾನು ಖುಷಿಯಾಗಿ ಕನ್ನಡಿ ನೋಡ್ಕೊಂಡಿದ್ದೆ.”

ಮೇಡಂ ಎದ್ದರು. ಮೆಟ್ಟಿಲಲ್ಲಿ ಕಾಲು ತಡವರಿಸಿತು. ಹಿಡಿಯಲು ಹೋದ ಅಕ್ಕನ ಕೈಯನ್ನು ಸರಿಸಿ ಗೋಡೆ ಹಿಡಿದು ಇಳಿದುಹೋದರು. ತಂಗಿ ತಮಾಷೆ ಮಾಡಲಿಲ್ಲ. ಅಕ್ಕನ ಮುಂದೆ ಒಂದು ಲೋಟ ನೀರು ಇಟ್ಟು ತನ್ನ ಯಂತ್ರಕ್ಕೆ ಮರಳಿದಳು.

ಹತ್ತು ದಿನ ಸುದ್ದಿಯಿಲ್ಲ. ಅಕ್ಕ ಎರಡು ಸಲ ಲೈಬ್ರರಿಯವರೆಗೆ ನಡೆದು ಹೋದಳು. ಕಿಟಕಿಯ ಹಿಂದೆ ಬೇರೆ ಯಾರೋ ಕೂತಿದ್ದರು. ಒಳಗೆ ಹೋಗಿ ಕೇಳುವುದಕ್ಕೆ ನಾಲಿಗೆ ಏಳಲಿಲ್ಲ. ಹೊಲಿಯಲು ಕೂತರೆ ಸ್ವಂತ ಕಾಲರೇ ಉರುಳಿನಂತೆ ಕಂಡಿತು. ತಾನು ಪ್ರೀತಿಸಿದ್ದು ಆ ಹೆಂಗಸನ್ನೋ, ಆ ಹೆಂಗಸಿನ ಮೇಲೆ ಕೂತ ಫ್ರಾಕನ್ನೋ? ಟ್ರಂಕಿನ ಪುಸ್ತಕದ ಚಿತ್ರ ಕೆಡಬಾರದೆಂದು ಒಂದು ಜೀವವನ್ನು ಕತ್ತರಿಸುತ್ತ ಬಂದೆನೋ ಏನೋ ಎಂದು ಅವಳಿಗೆ ಅನ್ನಿಸಿತು.

ಹನ್ನೊಂದನೇ ದಿನ ಮೇಡಂ ಬಂದು ಬಾಗಿಲಲ್ಲೇ ನಿಂತರು. “ಹೊಸ ಡಾಕ್ಟರ ಹತ್ರ ಹೋಗಿದ್ದೆ. ದೊಡ್ಡ ಆಸ್ಪತ್ರೆ. ಬಟ್ಟೆ ಯಾವಾಗಿಂದ ಸಡಿಲ ಆಗ್ತಾ ಬಂತು ಅಂತ ಕೇಳ್ತಾರೆ. ನಂಗೇನು ಗೊತ್ತು? ನಡಿ, ಆ ಕಾಗದ ತಗೊಂಡು ಬಾ. ನೀನೇ ಹೇಳು.”

ಆಸ್ಪತ್ರೆಯಲ್ಲಿ ನರ್ಸು ಅಕ್ಕನನ್ನು ಬಾಗಿಲಲ್ಲಿ ತಡೆದಳು. “ನೀವು ಇವರಿಗೆ ಏನಾಗಬೇಕು?”

“ಟೈಲರ್” ಎಂದಳು ಅಕ್ಕ.

“ಸಂಬಂಧಿಕರು ಮಾತ್ರ ಒಳಗೆ ಬರಬಹುದಮ್ಮ.”

“ಬಿಡಿ ಅವಳನ್ನ” ಎಂದರು ಮೇಡಂ. “ನನ್ನ ಮೈಯ ಲೆಕ್ಕ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿದೆ.”

ಅದು ಹೊಗಳಿಕೆಯಲ್ಲ ಎಂದು ಅಕ್ಕನಿಗೆ ಗೊತ್ತಿತ್ತು.

ಡಾಕ್ಟರ ಮೇಜಿನ ಮೇಲೆ ಅಕ್ಕ ಕಂದು ಕಾಗದ ಹರಡಿದಳು. ಶಾಲೆ ಬಿಟ್ಟ ಮೇಲೆ ಮೊದಲ ಸಲ, ಪರಿಚಯವಿಲ್ಲದವರ ಎದುರು ನಿಂತು ಉತ್ತರ ಹೇಳಿದಳು. ಜೂನ್‌ನಲ್ಲಿ ಒಂದು ಇಂಚು. ಆಗಸ್ಟ್‌ನಲ್ಲಿ ಒಂದು. ಅಕ್ಟೋಬರ್‌ನಲ್ಲಿ ಒಂದು. ಜನವರಿಯಿಂದೀಚೆಗೆ ಮೂರು. ಭುಜದಲ್ಲಿ ಅರ್ಧ ಇಂಚು, ತೋಳಿನಲ್ಲೂ ಅರ್ಧ. ಡಾಕ್ಟರು ಬರೆದುಕೊಂಡರು. ಕಾಗದವನ್ನು ಮತ್ತೊಮ್ಮೆ ನೋಡಿ, “ಇಷ್ಟು ಸರಿಯಾಗಿ ಯಾರೂ ಬರೆದಿಟ್ಟಿರಲ್ಲ. ಜೂನ್‌ನಲ್ಲೇ ಇದನ್ನ ತಂದಿದ್ರೆ...” ಎಂದು ಮಾತು ನಿಲ್ಲಿಸಿದರು. ರಕ್ತ ಪರೀಕ್ಷೆಗೂ ಸ್ಕ್ಯಾನಿಂಗಿಗೂ ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ. ಎದುರಿನ ಗೋಡೆ ನೋಡುತ್ತ ಮೇಡಂ ಕೇಳಿದರು, “ಮೂವತ್ತಮೂರು ಇದ್ದಾಗ ಹೇಗೆ ಕಾಣ್ತಿದ್ದೆ ನಾನು?”

“ಚೆನ್ನಾಗಿ ಕಾಣ್ತಿದ್ರಿ ಮೇಡಂ. ಇಪ್ಪತ್ತಾರಕ್ಕಿಂತ ಚೆನ್ನಾಗಿ. ಆ ನೆರಿಗೆ ನಿಲ್ಲೋಕೆ ಸ್ವಲ್ಪ ಮೈ ಬೇಕು.”

“ಇದೂ ಸುಳ್ಳಾ?”

“ಅಲ್ಲ.”

ಮೇಡಂ ತಿರುಗಿ ಅವಳನ್ನು ನೋಡಿದರು. ನಂಬಿದರೋ ಇಲ್ಲವೋ ಆ ನೋಟದಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ರಕ್ತ ತೆಗೆಯುವ ಕೋಣೆಯಿಂದ ಕರೆ ಬಂತು. “ತೋಳು ಮೇಲೆ ಮಾಡ್ಕೊಂಡು ಬನ್ನಿಮ್ಮಾ.” ಮೇಡಂ ಹಾಕಿದ್ದು ಬೂದು ಫ್ರಾಕು. ಮಣಿಕಟ್ಟಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳು, ಒಂದೊಂದಕ್ಕೂ ನೂಲಿನ ಕುಣಿಕೆ. ಒಂದೇ ಕೈಯಲ್ಲಿ ಬಿಚ್ಚಲು ಬಾರದ ಹೊಲಿಗೆ. ಮೇಡಂ ಎರಡನ್ನು ಬಿಚ್ಚಲು ನೋಡಿದರು, ಕುಣಿಕೆ ಜಾರಿಕೊಂಡಿತು. ಮೂರನೆಯದಕ್ಕೆ ಸುಮ್ಮನಾಗಿ, ಮುಖ ಅತ್ತ ತಿರುಗಿಸಿಕೊಂಡೇ, ತೋಳನ್ನು ಅಕ್ಕನ ಕಡೆಗೆ ಚಾಚಿದರು.

ಅಕ್ಕ ಖಾಲಿ ಜಾಗಕ್ಕೆ ಸರಿದು ಕೂತು, ಒಂದೊಂದೇ ಗುಂಡಿ ಬಿಚ್ಚತೊಡಗಿದಳು.