ಒರೋಂಜೊನ ಬೆಳ್ಳಿ ಸೊಪ್ರಾನೊ

ನಮ್ಮೂರಿನ ಕ್ಷೌರಿಕ ಒರೋಂಜೊ ಕತ್ತರಿ ಹಿಡಿದಿದ್ದು ಹೊಟ್ಟೆಪಾಡಿಗೆ, ಮಿಕ್ಕ ಆಯುಷ್ಯವೆಲ್ಲ ಜಂಬಕ್ಕೆ. ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಗೋಡೆಯ ಮೇಲಿನ ಸ್ಯಾಕ್ಸೊಫೋನ್ ಇಳಿಸಿ ಊದುತ್ತಿದ್ದ. ನೊರೆ ಒಣಗಿ ಮುಖ ಬಿಗಿಯುವವರೆಗೆ ಕೇಳಲೇಬೇಕು. ಬೂಟಿನಾಕಾರದ ಇಟಲಿಯ ಹಿಮ್ಮಡಿಯಲ್ಲಿರುವ ನಮ್ಮ ಸೀಮೆಯಲ್ಲಿ ಕ್ಷೌರಿಕರು ಊರ ಬ್ಯಾಂಡಿನಲ್ಲಿ ಇದ್ದೇ ಇರುತ್ತಾರೆ. ಬೇರೆಯವರು ಊದಿ ಸುಮ್ಮನಾಗುತ್ತಾರೆ. ಇವನು ಸ್ವರ ತಪ್ಪಿದರೆ ಊದುವ ತುದಿಯ ರೀಡ್ ಸರಿಯಿಲ್ಲ ಎನ್ನುತ್ತಿದ್ದ, ಗಾಳಿ ಸರಿಯಿಲ್ಲ, ಪಕ್ಕದ ಕ್ಲಾರಿನೆಟ್ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಪಕ್ಕದ ಕ್ಲಾರಿನೆಟ್ ನಾನೇ, ಇಪ್ಪಾತ್ಸಿಯೊ, ಊರವರ ಬಾಯಲ್ಲಿ ಪಾತಿ. ಊರಿನ ವಾದ್ಯಗಳ ರಿಪೇರಿಯೂ ನನ್ನದೇ.

ಸಂತ ರೊಕ್ಕೊನ ಹಬ್ಬದ ಬೆಳಿಗ್ಗೆ ಚೌಕದ ಮರದ ಮಂಟಪದಲ್ಲಿ ಕೂತು ಇಡೀ ಒಪೆರಾ ನುಡಿಸುವುದು ನಮ್ಮ ಬ್ಯಾಂಡಿನ ರೂಢಿ. ಹಾಡುವವರು ಯಾರೂ ಇರುವುದಿಲ್ಲ; ನಾಯಕ, ನಾಯಕಿ ಎಲ್ಲರ ಪಾಲನ್ನೂ ವಾದ್ಯಗಳೇ ಹಾಡಬೇಕು. ನಾಯಕಿಯ ಪಾಲು ಊದುತ್ತಿದ್ದ ಮುದುಕನಿಗೆ ಆ ವರ್ಷ ಮುಂದಿನ ಹಲ್ಲುಗಳು ಬಿದ್ದುಹೋದವು. ಮೂವತ್ತು ವರ್ಷ ಊದಿದ ನನ್ನನ್ನು ಬಿಟ್ಟು ಬ್ಯಾಂಡ್ ಮೇಷ್ಟ್ರು ಅದನ್ನು ಒರೋಂಜೊಗೆ ಕೊಟ್ಟರು. ಅವನದು ಸೊಪ್ರಾನೊ, ಅಂದರೆ ಏರುದನಿಯ ಸ್ಯಾಕ್ಸೊಫೋನ್; ಅದರ ದನಿ ಹೆಂಗಸಿನ ದನಿಗೆ ಹತ್ತಿರವಂತೆ! ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಾಯಕಿಯಾದ ಮೇಲೆ ಅವನಿಗೆ ಹಳೆಯ ವಾದ್ಯ ಸಾಲದಾಯಿತು. ಅಮೆರಿಕದಿಂದ ಮರಳಿ ಇಲ್ಲೇ ತೀರಿಕೊಂಡ ಒಬ್ಬ ಮುದುಕನ ಐವತ್ತು ವರ್ಷದ ಸೊಪ್ರಾನೊ ಮೊಮ್ಮಗಳ ಅಟ್ಟದಲ್ಲಿದೆ ಎಂದು ಕೇಳಿ, ಇದ್ದ ಒಂದು ಸ್ಕೂಟರನ್ನೂ ಮಾರಿ ಅದನ್ನು ಕೊಂಡ. ಮನೆಯಲ್ಲಿ ಹೆಂಡತಿ ಒಣರೊಟ್ಟಿ ನೆನೆಸಿ ಟೊಮೆಟೊ ಉಜ್ಜಿ ಊಟ ಮುಗಿಸುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕಪ್ಪಾದ ಆ ನೀಳ ಕೊಳವೆಯನ್ನು ಮಗುವಿನಂತೆ ಎತ್ತಿಕೊಂಡು ನನ್ನ ಅಂಗಡಿಗೆ ಬಂದ.

"ಇದೇನೋ ರೋಂಜು, ಒಲೆ ಊದೋ ಕೊಳವೆ ತಂದಿದ್ದೀಯ?"

"ನಗು ಪಾತಿ, ನಗು. ಈ ಕಪ್ಪಿನ ಕೆಳಗೆ ಬೆಳ್ಳಿ ಲೇಪ ಇದೆ ಕಣೋ. ಹಬ್ಬದ ದಿನ ಊರಿಗೆ ಊರೇ ಅಳುತ್ತೆ ನೋಡ್ತಿರು. ಅಭ್ಯಾಸಕ್ಕೆಲ್ಲ ಹಳೇದನ್ನೇ ಊದ್ತೀನಿ. ಇದನ್ನ ಹಬ್ಬದ ಬೆಳಿಗ್ಗೆ ಕೊಡು, ಸಾಕು. ಒಬ್ಬರಿಗೂ ಮುಂಚೆ ಗೊತ್ತಾಗ್ಬಾರ್ದು."

ಬೆರಳೊತ್ತುವ ಕೀಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ತೂತು ಮುಚ್ಚುವ, ಹುಳು ತಿಂದ ಚರ್ಮದ ಬಿಲ್ಲೆಗಳನ್ನು ಕಿತ್ತು ಹೊಸವನ್ನು ಅಂಟಿಸಿದೆ, ತುಕ್ಕು ಹಿಡಿದ ಸ್ಪ್ರಿಂಗ್ ಬದಲಿಸಿದೆ, ಸೀಮೆಸುಣ್ಣದ ಪುಡಿಯಲ್ಲಿ ಉಜ್ಜಿ ಬೆಳ್ಳಿ ಹೊರತಂದೆ. ಮೂರನೆಯ ವಾರ ಜೋಡಿಸಿ ಊದಿ, ಶ್ರುತಿ ನೋಡುವ ಉಕ್ಕಿನ ಕವಲನ್ನು ಬಡಿದೆ. ಎರಡೂ ಕೂಡಲಿಲ್ಲ. ಆ ಕಾಲದ ಕೆಲವು ಬ್ಯಾಂಡುಗಳು ಶ್ರುತಿ ಏರಿಸಿ ನುಡಿಸುತ್ತಿದ್ದವು. ಇದು ಅವುಗಳಿಗೆಂದೇ ತುಸು ಗಿಡ್ಡ ಮಾಡಿದ ವಾದ್ಯ. ದೇವರೇ ರಿಪೇರಿ ಮಾಡಿದರೂ ನಮ್ಮ ಬ್ಯಾಂಡಿಗೆ ಹೊಂದುವುದಿಲ್ಲ.

ಹೇಳಬೇಕಿತ್ತು. ಹೇಳಿದ್ದರೆ ಅವನು ಹಳೆಯದನ್ನೇ ಊದಿ ಮಾನ ಉಳಿಸಿಕೊಳ್ಳುತ್ತಿದ್ದ. ನನಗೆ ಅವನ ಮಾನ ಬೇಕಿರಲಿಲ್ಲ. ಕೆಲಸವನ್ನು ಮಾತ್ರ ಒಂದು ಕೂದಲೆಳೆ ತಪ್ಪಿಲ್ಲದೆ ಮುಗಿಸಿ, ಹಬ್ಬದ ಬೆಳಿಗ್ಗೆ ಕೈಗಿತ್ತೆ.

ಎಲ್ಲರೂ ಶ್ರುತಿ ಕೂಡಿಸುವಾಗ ಆಸಾಮಿ ಬರಲೇ ಇಲ್ಲ. ಮೊದಲ ತುಣುಕು ಮುಗಿದ ಮೇಲೆ, ಕೂದಲಿಗೆ ಎಣ್ಣೆ ಬಳಿದುಕೊಂಡು, ಬೆಳ್ಳಿಯನ್ನು ಬಿಸಿಲಿಗೆ ಹಿಡಿದು ಮಂಟಪ ಹತ್ತಿದ. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರೆ, "ನಾಯಕಿ ತಡವಾಗೇ ಬರೋದು ಮೇಷ್ಟ್ರೇ" ಎಂದ.

ಊದಿದ. ಪ್ರತಿ ಸ್ವರವೂ ನಮ್ಮೆಲ್ಲರಿಗಿಂತ ಒಂದಿಷ್ಟು ಮೇಲೆ. ಮುಂದಿನ ಸಾಲಿನವರ ಮುಖ ಹುಳಿ ಕಚ್ಚಿದಂತಾಯಿತು. ಗಾಬರಿಯಾಗಿ, ಶ್ರುತಿ ಇಳಿಸಲೆಂದು ಊದುವ ತುದಿಯನ್ನು ಹೊರಗೆಳೆದ. ಸ್ವರಗಳು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದವು.

"ಹುಡುಗಿಗೆ ನೆಗಡಿ ಕಣ್ರೋ!" ಎಂದು ಕಾಳು ಮಾರುವವನು ಕೂಗಿದ.

"ಹೋಗಿ ಗಡ್ಡ ಕೆರೆಯೋ ರೋಂಜು!" ಎಂದ ಇನ್ನೊಬ್ಬ.

ಚೌಕವೆಲ್ಲ ನಕ್ಕಿತು. ಮೇಷ್ಟ್ರು ಕೋಲನ್ನು ನನ್ನತ್ತ ತಿರುಗಿಸಿದರು. ಕೊನೆಯವರೆಗೂ ನಾನೇ ನಾಯಕಿಯಾದೆ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಒರೋಂಜೊ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

ಮರುದಿನ ಗಡ್ಡದ ನೆಪ ಮಾಡಿಕೊಂಡು ಹೋದೆ. ಈ ಸಲ ಯಾವ ನೆಲ ಡೊಂಕಾಯಿತೋ ಕೇಳಬೇಕಿತ್ತು. ಅಂಗಡಿಯಲ್ಲಿ ಆಗಲೇ ನಾಲ್ಕು ಜನ ಹಲ್ಲು ಕಿರಿಯುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತೆ, ಅವನು ನೊರೆ ಹಚ್ಚಿದ.

"ಯಾಕೋ ರೋಂಜು, ಪಾತಿ ರಿಪೇರಿ ಕೈಕೊಡ್ತಾ?" ಎಂದು ಒಬ್ಬ ಕೆಣಕಿದ.

ಒರೋಂಜೊ ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡುತ್ತಿದ್ದವನು ತಲೆ ಎತ್ತಲಿಲ್ಲ. "ಪಾತಿ ಕೈ ಚಿನ್ನ ಕಣೋ. ವಾದ್ಯದ್ದೇನೂ ತಪ್ಪಿಲ್ಲ. ನನ್ನ ತುಟಿಗೇ ಕಸುವಿಲ್ಲ, ವಯಸ್ಸಾಯ್ತು."

ಅವರು ನಕ್ಕು ಹೊರಟುಹೋದರು. ಅವನು ನನ್ನ ಗಲ್ಲ ಎತ್ತಿ, ಕಿವಿಯ ಹತ್ತಿರ ಬಗ್ಗಿದ.

"ಹಳೇದರ ಪಕ್ಕ ಇಟ್ಟು ನೋಡ್ದೆ ಪಾತಿ. ಇದು ಒಂದು ಬೆರಳು ಗಿಡ್ಡ ಇದೆ. ಶ್ರುತಿನೇ ಬೇರೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಇಷ್ಟು ದಿನ ಕೈಯಲ್ಲಿಟ್ಕೊಂಡೂ ನಿನಗೆ ತಿಳೀಲಿಲ್ಲ ಅಂತಾದ್ರೆ, ನಿನ್ನ ಅಂಗಡಿಗೆ ಇನ್ಯಾರು ಬರ್ತಾರೆ ಹೇಳು?"

ಕತ್ತಿ ಗಂಟಲ ಮೇಲಿತ್ತು, ಮಾತಾಡುವಂತಿರಲಿಲ್ಲ. ಅದು ನನಗೆ ಸಿಕ್ಕ ಒಳ್ಳೆಯ ನೆಪ. ಎದುರಿನ ಕನ್ನಡಿಯಲ್ಲಿ ನೊರೆ ಮೆತ್ತಿಕೊಂಡ ಮುಖವೊಂದಿತ್ತು. ಅದರ ಮೇಲೆ ಬಂದಷ್ಟು ಹೇಸಿಗೆ ನನಗೆ ಒರೋಂಜೊನ ಮೇಲೆ ಎಂದೂ ಬಂದಿರಲಿಲ್ಲ.