ರುಚಿ ನೋಡಿದರೆ ತಿಂದ ಹಾಗಲ್ಲವಂತೆ

ಮಹಡಿ ಮನೆಗೆ ಹೊಸಬರು ಬಂದಿದ್ದಾರೆ ಅನ್ನೋದು ಕೆಳಗಿನ ಮನೆಯ ದೊಡ್ಡಮ್ಮನಿಗೆ ಗೊತ್ತಾಗಿದ್ದು ಒಂದು ಸೋಮವಾರ, ಬಟ್ಟೆ ಒಣಗಹಾಕುವ ಹೊತ್ತಿನಲ್ಲಿ. ಮೇಲಿನಿಂದ ಕೂಸಿನ ಅಳು ಕೇಳಿಸಿತು. ಐದು ಹೆತ್ತು ಐದನ್ನೂ ಒಬ್ಬಳೇ ಸಾಕಿದ ಹೆಂಗಸಿಗೆ ಅಳು ಕೇಳಿದರೆ ಸಾಕು, ಕಾರಣ ತಿಳಿಯುತ್ತದೆ. ಇದು ಹೊಟ್ಟೆ ಹಿಂಡುವ ಅಳು. ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದವಳು ಬೇಕರಿಯಲ್ಲಿ ಕೇಕಿಗೆ ಕ್ರೀಮು ಬಳಿಯುವ ಕೆಲಸದವಳು. ಆಮೇಲೆ ಬೀದಿಗೆಲ್ಲ ಅವಳು ಕೇಕಮ್ಮ. ಹೆಗಲ ಮೇಲೆ ಮೂರು ತಿಂಗಳ ಹೆಣ್ಣುಕೂಸು, ತಾಯಿಯ ಕಣ್ಣು ಗುಳಿಬಿದ್ದಿದ್ದವು, ಮಾತು ಮಾತ್ರ ಚುರುಕು.

"ಬೈಯೋಕೆ ಬಂದಿದ್ರೆ ಸರದಿಯಲ್ಲಿ ನಿಲ್ಲಿ. ನಮ್ಮತ್ತೆ ಮೊದಲು ಇದ್ದಾರೆ!"

ಆ ಅತ್ತೆಯದ್ದೇ ದೊಡ್ಡ ಗೋಳು. ಕೂಸಿನ ಕೆನ್ನೆ ಮೇಲೆ ಕೆಂಪು ಕಲೆ, ಕಕ್ಕದಲ್ಲಿ ಲೋಳೆ, ಲೋಳೆಯಲ್ಲಿ ರಕ್ತದ ಎಳೆ. ಅದನ್ನು ಕಂಡಾಗಲೆಲ್ಲ ಅತ್ತೆ ಸೊಸೆಯ ತಟ್ಟೆಯಿಂದ ಒಂದೊಂದು ಪದಾರ್ಥ ಎತ್ತುತ್ತಿದ್ದರು. ಮೊದಲು ಬದನೆಕಾಯಿ ಹೋಯಿತು, ಆಮೇಲೆ ಆಲೂಗಡ್ಡೆ, ಬೇಳೆ, ಮೊಟ್ಟೆ. ಕೊನೆಗೆ ಉಳಿದದ್ದು ಅನ್ನ, ಮೊಸರು, ಅತ್ತೆಯ ಮಾತು.

ಮಕ್ಕಳ ಡಾಕ್ಟರಮ್ಮ ಕೇಳಿ ಹಣೆ ಚಚ್ಚಿಕೊಂಡರು. "ಯಾರಮ್ಮ ನಿನ್ನನ್ನ ಉಪವಾಸ ಕೆಡವಿದ್ದು? ಉಳಿದದ್ದೆಲ್ಲ ತಿನ್ನು. ಹಾಲು, ಮೊಸರು, ಬೆಣ್ಣೆ, ತುಪ್ಪ, ಅವು ಬಿದ್ದ ತಿಂಡಿ, ಇಷ್ಟನ್ನ ಮಾತ್ರ ಮೂರು ವಾರ ಪೂರ್ತಿ ಬಿಡು. ನೀನು ಕುಡಿದ ಹಸುವಿನ ಹಾಲಿನ ಅಂಶ ಎದೆಹಾಲಲ್ಲಿ ಇಳಿದು ಕೂಸಿಗೆ ಒಗ್ಗದೆ ಇರಬಹುದು. ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಡು. ಎದೆಹಾಲು ನಿಲ್ಲಿಸಬೇಡ."

ಕೇಕಮ್ಮ ಬಿಟ್ಟಳು. ಕಪ್ಪು ಚಹಾ ಕುಡಿದು ಮುಖ ಕಿವುಚಿದಳು. ನೋಟುಪುಸ್ತಕದಲ್ಲಿ ಒಂದು ತುತ್ತೂ ಬಿಡದೆ ಬರೆದಳು. ಅಷ್ಟರಲ್ಲಿ ಹೆರಿಗೆ ರಜೆ ಮುಗಿದು ಕೆಲಸಕ್ಕೂ ಹೋದಳು. ಅತ್ತೆಗೆ ಮಂಡಿನೋವು, ಅದಕ್ಕೆ ಮಧ್ಯಾಹ್ನದ ಹಾಲಿಗೆ ಕೂಸನ್ನು ಬೇಕರಿಗೆ ಎತ್ತಿಕೊಂಡು ಹೋಗುವ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಮೂರು ವಾರ ಕಳೆಯಿತು. ರಕ್ತದ ಎಳೆ ಹಾಗೇ ಇತ್ತು.

"ನಿನ್ನ ಹಾಲೇ ಕೂಸಿಗೆ ಒಗ್ಗಲ್ಲ. ಶುಕ್ರವಾರದಿಂದ ಬಾಟ್ಲಿ" ಅಂದ ಅತ್ತೆ, ಪುಡಿಹಾಲಿನ ಡಬ್ಬ ತರಿಸಿ ಎಲ್ಲರಿಗೂ ಕಾಣುವಂತೆ ಕಪಾಟಿನ ಮೇಲಿಟ್ಟರು. ಕೇಕಮ್ಮ ನೋಟುಪುಸ್ತಕ ತೆರೆದು ಮೊದಲ ಹಾಳೆಯಿಂದ ಮತ್ತೆ ಓದತೊಡಗಿದಳು.

ಗುರುವಾರ ಕೇಕಿನ ಆರ್ಡರು ಜಾಸ್ತಿ. ದೊಡ್ಡಮ್ಮ ಕೂಸಿನ ಜೊತೆ ಹಿಂದಿನ ಕೋಣೆಯಲ್ಲಿ ಕಾಯುತ್ತಾ ಕೂತಳು. ಉದ್ದನೆಯ ಸ್ಟೀಲು ಮೇಜು, ಗರಗರ ತಿರುಗುವ ಯಂತ್ರ, ಬಕೆಟ್ಟು ಬಕೆಟ್ಟು ಹಾಲಿನ ಕ್ರೀಮು. ಕೇಕಮ್ಮ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಒತ್ತಿ ಕಣ್ಣು ಮುಚ್ಚಿ, "ಸಕ್ಕರೆ ಇನ್ನೊಂದು ಹಿಡಿ" ಅಂದಳು. ಮುಂದಿನ ಬಕೆಟ್ಟು. ಮತ್ತೆ ಚಮಚ.

"ಏನೇ ಅದು, ಬಾಯಿಗೆ ಹಾಕ್ಕೊಂಡಿದ್ದು?"

"ಏನೂ ಇಲ್ವಲ್ಲ."

"ನನ್ನ ಕಣ್ಣೆದುರಿಗೇ ನೆಕ್ಕಿದೆಯಲ್ಲೇ!"

"ಅಯ್ಯೋ, ಅದು ತಿನ್ನೋದಲ್ಲ ದೊಡ್ಡಮ್ಮ. ರುಚಿ ನೋಡೋದು."

ಪಕ್ಕದಲ್ಲಿದ್ದ ಬೇಕರಿ ಮೇಸ್ತ್ರಿಯೂ ಹೂಂಗುಟ್ಟಿದ. ಸಕ್ಕರೆ ಕಾಯಿಲೆಯವನು, ದಿನವಿಡೀ ಚಮಚ ನೆಕ್ಕಿ "ನಾನು ಸಿಹಿ ಮುಟ್ಟಿ ಆರು ವರ್ಷವಾಯ್ತು" ಅನ್ನುವ ಆಸಾಮಿ. ಆ ಕೋಣೆಯ ಲೆಕ್ಕವೇ ಹಾಗೆ, ನಾಲಗೆಗೆ ತಗುಲಿದ್ದು ಹೊಟ್ಟೆಗೆ ಸೇರಿದ್ದಲ್ಲ.

"ದಿನಕ್ಕೆ ಎಷ್ಟು ಸಲ ನೋಡ್ತೀಯ?"

ಕೇಕಮ್ಮ ಬೆರಳು ಮಡಚತೊಡಗಿದಳು. ಎರಡೂ ಕೈಯ ಬೆರಳು ಸಾಲಲಿಲ್ಲ. ಮುಖ ಸುಣ್ಣದ ಹಾಗಾಯಿತು.

"ಪುಸ್ತಕದಲ್ಲಿ ಬರೀಲೇ ಇಲ್ಲ..." ಅಂದಳು.

"ಹೇಗೆ ಬರೀತೀಯ! ತಿಂದೇ ಇಲ್ಲವಲ್ಲ ನೀನು!" ದೊಡ್ಡಮ್ಮನಿಗೆ ನಗಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ.

ಸಂಜೆ ಅತ್ತೆಗೆ ವಿಷಯ ಬಿಡಿಸಿ ಹೇಳಬೇಕಾದರೆ ಸಾಕುಬೇಕಾಯಿತು. ದೊಡ್ಡಮ್ಮ ಓದಿದ್ದು ಮೂರನೇ ಇಯತ್ತೆ, ಆದರೂ ಡಬ್ಬದ ಮೇಲಿನ ಚಿತ್ರ ಓದೋಕೆ ಅಷ್ಟು ಸಾಕಾಗಿತ್ತು. "ಹಸು ನಿಂತಿದೆ ನೋಡಿ ಇವರೇ. ಯಾವುದು ಒಗ್ಗಲ್ಲ ಅಂತ ಅನುಮಾನವೋ ಅದನ್ನೇ ಬಾಟ್ಲಿ ತುಂಬಾ ಕುಡಿಸ್ತೀರಾ?" ಅತ್ತೆ ಡಬ್ಬವನ್ನು ತಿರುಗಿಸಿಟ್ಟರು, ಕಪಾಟಿನಿಂದ ಇಳಿಸಲಿಲ್ಲ. "ಇನ್ನು ಮೂರು ವಾರ. ಅಷ್ಟೇ."

ಕೇಕಮ್ಮ ಚಮಚ ಬಿಟ್ಟಳು. ಮೇಸ್ತ್ರಿ ಗೊಣಗಿದ, ಕ್ರೀಮಿನ ಹದವನ್ನು ಕಣ್ಣಿನಿಂದಲೇ ಅಳೆಯುವುದನ್ನು ಇವಳು ಕಲಿತಳು. ಎರಡನೆಯ ವಾರಕ್ಕೆ ಕೂಸಿನ ಬಟ್ಟೆ ಚೊಕ್ಕವಾಯಿತು, ಕೆನ್ನೆ ನುಣುಪಾಯಿತು. ಅತ್ತೆ ಬೀದಿಗೆಲ್ಲ ಕೇಳುವಂತೆ, "ನಾನು ಬದನೆಕಾಯಿ ಬಿಡಿಸಿದ್ದಕ್ಕೇ ಆಗಿದ್ದು!" ಅಂದರು. ಇಂಥವರ ಹತ್ತಿರ ಯಾರು ವಾದ ಮಾಡುತ್ತಾರೆ?

ಅಷ್ಟಕ್ಕೇ ಮುಗಿಯಲಿಲ್ಲ. ಹಾಲೇ ಕಾರಣ ಅಂತ ಖಾತ್ರಿಯಾಗಬೇಕಾದರೆ ತಾಯಿ ಮತ್ತೆ ಹಾಲು ಕುಡಿದು ಮೂರು ದಿನ ನೋಡಬೇಕು, ಸುಮ್ಮನೆ ಯಾಕೆ ತಿಂಗಳುಗಟ್ಟಲೆ ಪಥ್ಯ ಅಂದರು ಡಾಕ್ಟರಮ್ಮ. ಅದೇ ವಾರ ಕೇಕಮ್ಮನ ಮನೆಯವರು ಮನೆಯನ್ನೂ ಬದಲಾಯಿಸುವವರಿದ್ದರು. ಅರ್ಧ ಕಟ್ಟಿದ ಗಂಟುಗಳ ನಡುವೆ ಕೇಕಮ್ಮ ಒಂದು ಲೋಟ ಹಾಲು ಹಿಡಿದು ಗುಟುಕರಿಸದೆ ಕೂತಿದ್ದಳು. ಆಮೇಲೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದು, ಕೂಸನ್ನು ದೊಡ್ಡಮ್ಮನ ಮಡಿಲಿಗೆ ಹಾಕಿದಳು.

"ಈ ಮೂರು ದಿನ ಇದರ ಬಟ್ಟೆ ನೀವೇ ಬಿಚ್ಚಿ ದೊಡ್ಡಮ್ಮ. ನನ್ನ ಕೈಲಿ ನೋಡೋಕಾಗಲ್ಲ. ರಕ್ತ ಕಂಡ್ರೆ ನನಗೊಬ್ಬಳಿಗೇ ಹೇಳಿ, ಅತ್ತೆಗೆ ಬೇಡ, ಆ ಡಬ್ಬ ಇನ್ನೂ ಕಪಾಟಿನ ಮೇಲೇ ಇದೆ."