ಚೀಟಿಯ ಕೊನೆಯ ಗೆರೆ

ಬಾಣಂತಿ ಮಗಳಿಗೆ ಹಾಲು ಕಟ್ಟಿ ಎದೆ ಗಟ್ಟಿಯಾಗಿ ಜ್ವರ ಬಂದಿತ್ತು. ವಿದೇಶದಲ್ಲಿ ಅವಳಿರುವ ಬಾಕ್ಸ್ ಹಿಲ್‌ನ ಕ್ಲಿನಿಕ್‌ನಲ್ಲಿ ಅವಳನ್ನು ಪರೀಕ್ಷಿಸಿದ ಮಿಡ್‌ವೈಫ್, ಅಂದರೆ ಹೆರಿಗೆಯ ನರ್ಸ್, ತಾನೇ ಔಷಧದ ಚೀಟಿ ಬರೆದು ಸಹಿ ಹಾಕಿದಳು.

“ಇದು ಸರ್ಕಾರ ದುಡ್ಡು ಕೊಡುವ ಔಷಧ. ಡಾಕ್ಟರ್ ಸಹಿ ಬೇಡವೇ?” ಎಂದೆ.

“ಬೇಡ. ನಮಗೂ ಬರೆಯುವ ಅಧಿಕಾರವಿದೆ,” ಎಂದು ನಕ್ಕಳು.

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಹೆರಿಗೆ ವಾರ್ಡಿನ ಮೇಟ್ರನ್ ಆಗಿದ್ದವಳು ನಾನು. ಇದೇ ತೊಂದರೆಗೆ ಇಂಥದೇ ಮಾತ್ರೆಯನ್ನು, ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಗಿನ ಅಕ್ಷರದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಬರೆದು, ಡಾಕ್ಟರ್ ಬಂದು ಕೆಳಗೆ ಗೀಚುವ ತನಕ ಚೀಟಿ ಹಿಡಿದು ನಿಂತಿದ್ದೇನೆ. ಒಳಗೆ ಬಾಣಂತಿ ನರಳುತ್ತಿರುತ್ತಿದ್ದಳು. ಆ ಕೊನೆಯ ಗೆರೆಯ ಮೇಲೆ ನನ್ನ ಹೆಸರು ಹೇಗೆ ಕಾಣುತ್ತಿತ್ತೋ ಎಂದು ಇಂದಿಗೂ ಅನಿಸುತ್ತದೆ.

ಔಷಧದ ಅಂಗಡಿಯಲ್ಲಿ ಮಗಳು ಕೂಸನ್ನು ಎತ್ತಿಕೊಂಡಿದ್ದಳು. ಮಾತ್ರೆ ಕೊಟ್ಟ ತೆಲುಗು ಹುಡುಗಿ ಚೀಟಿಯನ್ನು ನನ್ನ ಕಡೆ ತಿರುಗಿಸಿ, “ಇಲ್ಲೊಂದು ಸೈನ್, ಆಂಟಿ,” ಎಂದಳು.

ಕನ್ನಡಕ ಹಾಕಿಕೊಂಡು ಪೂರ್ತಿ ಹೆಸರು ಬರೆದೆ.

“ಅವ್ವಾ, ಅದು ಗುಳಿಗಿ ಮುಟ್ಟಿದ್ದಕ್ಕ ಅಷ್ಟ. ಒಂದು ಗೀಟು ಎಳದಿದ್ರ ಸಾಕಿತ್ತು,” ಎಂದಳು ಮಗಳು.

ನನಗೂ ಗೊತ್ತಿತ್ತು. ಗೆರೆ ಗಿಡ್ಡವಾಯಿತು, ಇಲ್ಲದಿದ್ದರೆ ‘ಮೇಟ್ರನ್’ ಎಂದೂ ಸೇರಿಸುತ್ತಿದ್ದೆ.